ಒಂದೇ ತಿಂಗಳು, ಎರಡು ದೇಶ: ಪ್ಲಾಸ್ಟಿಕ್ ಕವರ್ ಒಂದು ಕಡೆ ಹೋಯ್ತು, ಇನ್ನೊಂದು ಕಡೆ ವಾಪಸ್ ಬಂತು

2002ನೇ ಇಸವಿಯ ಮಾರ್ಚ್ ತಿಂಗಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದೇಶಗಳು ಒಂದೇ ತಿಂಗಳಲ್ಲಿ ಪ್ಲಾಸ್ಟಿಕ್ ಕವರಿನ ಹಿಂದೆ ಬಿದ್ದವು. ಬಾಂಗ್ಲಾದೇಶ ಪಾಲಿಥೀನ್ ಚೀಲವನ್ನು ದೇಶದಾದ್ಯಂತ ನಿಷೇಧಿಸಿತು. ಇಂಥ ನಿಷೇಧ ತಂದ ಜಗತ್ತಿನ ಮೊದಲ ದೇಶ ಅದೇ. ಐರ್ಲೆಂಡ್ ನಿಷೇಧದ ಮಾತೇ ಎತ್ತಲಿಲ್ಲ. ಮಾರ್ಚ್ 4ರಿಂದ ಅಂಗಡಿಯಲ್ಲಿ ಕವರ್ ಬೇಕಾದವರು 15 ಸೆಂಟ್ ಕೊಡಬೇಕು ಅಂತ ಒಂದು ತೆರಿಗೆ ಹಾಕಿತು. ಆಗಿನ ಲೆಕ್ಕದಲ್ಲಿ ಅದು ನಮ್ಮ ಆರು ರೂಪಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಯಾವುದು ಕಠಿಣ ಕಾನೂನು ಅಂತ ಕೇಳಿದರೆ ಯಾರಾದರೂ ಬಾಂಗ್ಲಾದೇಶದ್ದು ಅಂತಾರೆ. ಅಲ್ಲಿ ಜೈಲಿತ್ತು, ಇಲ್ಲಿ ಚಿಲ್ಲರೆ ಕಾಸು. ಆದರೆ ಆಮೇಲೆ ಆದದ್ದು ಉಲ್ಟಾ. ಐರ್ಲೆಂಡಿನಲ್ಲಿ ಕವರ್ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮಾಯವಾಯಿತು. ಬಾಂಗ್ಲಾದೇಶದಲ್ಲಿ ಹೋದದ್ದು ಹಾಗೇ ತಿರುಗಿ ಬಂತು. ಇದಕ್ಕೆ ಜನರ ಬುದ್ಧಿ, ಶಿಸ್ತು, ಓದು ಕಾರಣ ಅಂತ ಹೇಳುವವರು ಬಹಳ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆ ಅಂಗಡಿಯವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ನೋಡಿದರೆ ಕಾರಣ ಬೇರೆಯೇ ಕಾಣುತ್ತದೆ.

ಮೊದಲು ಬಾಂಗ್ಲಾದೇಶದ ಕಥೆ. ಅಲ್ಲಿ ಪಾಲಿಥೀನ್ ಚೀಲ ಬಂದದ್ದು 1980ರ ದಶಕದ ಶುರುವಿನಲ್ಲಿ. ಅದಕ್ಕೂ ಮುಂಚೆ ಜನ ಸಂತೆಗೆ ಸೆಣಬಿನ ಚೀಲ ಹಿಡಿದೇ ಹೋಗುತ್ತಿದ್ದರು. ಸೆಣಬು ಅಂದರೆ ಆ ನಾಡಿನ ಜೀವ, ಅದನ್ನು ‘ಚಿನ್ನದ ನಾರು’ ಅಂತಲೇ ಕರೆಯುತ್ತಿದ್ದರು. ನಮ್ಮ ಭತ್ತ, ರಾಗಿ ತುಂಬುತ್ತಿದ್ದ ಗೋಣಿಚೀಲದ ನಾರು ಬೆಳೆಯುವುದೂ ಅದೇ ಬಂಗಾಳದ ಸೀಮೆಯಲ್ಲಿ. ಪಾಲಿಥೀನ್ ಬಂದ ಮೇಲೆ ಹತ್ತು ಹದಿನೈದು ವರ್ಷದಲ್ಲಿ ಈ ಅಭ್ಯಾಸ ಬಿಟ್ಟೇ ಹೋಯಿತು.

1988ರಲ್ಲಿ, ಮತ್ತೆ 1998ರಲ್ಲಿ ದೊಡ್ಡ ಪ್ರವಾಹ ಬಂತು. ಎರಡು ಸಲವೂ ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ನೀರಲ್ಲಿ ಮುಳುಗಿತು. ಗಂಗೆ, ಬ್ರಹ್ಮಪುತ್ರ ಎರಡೂ ಬಂದು ಸಮುದ್ರ ಸೇರುವ ನಾಡು ಅದು. ಪ್ರವಾಹಕ್ಕೆ ಕವರೇ ಕಾರಣ ಅನ್ನುವುದು ಅತಿಯಾಯಿತು. ಆದರೆ ಢಾಕಾ ನಗರಕ್ಕೆ ನುಗ್ಗಿದ ನೀರು ಹೊರಗೆ ಹೋಗಲೇ ಇಲ್ಲ. ಚರಂಡಿಗಳ ಬಾಯಿಗೆ ಪಾಲಿಥೀನ್ ತುಂಬಿಕೊಂಡಿತ್ತು. ವಾರಗಟ್ಟಲೆ ಕೊಳಚೆ ನೀರಲ್ಲಿ ಬದುಕಿದ ಜನರಿಗೆ ಈ ನಿಷೇಧ ಬೇಕಾಗಿತ್ತು. ಬಲವಂತವಾಗಿ ಯಾರೋ ಮೇಲಿನಿಂದ ಹೇರಿದ್ದಲ್ಲ. ಇದನ್ನು ನೆನಪಿಡಿ, ಏಕೆಂದರೆ ‘ಜನರ ಬೆಂಬಲ ಇದ್ದರೆ ಎಲ್ಲ ಆಗುತ್ತೆ’ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

2002ರ ಜನವರಿ 1ರಂದು ಮೊದಲು ಢಾಕಾದಲ್ಲಿ, ಮಾರ್ಚ್‌ನಲ್ಲಿ ಇಡೀ ದೇಶದಲ್ಲಿ ನಿಷೇಧ ಜಾರಿಗೆ ಬಂತು. ಪರಿಸರ ಕಾಯ್ದೆಗೆ ತಿದ್ದುಪಡಿ ತಂದರು. ಚೀಲ ತಯಾರಿಸಿದರೆ 10 ವರ್ಷದವರೆಗೆ ಜೈಲು ಅಥವಾ 10 ಲಕ್ಷ ಟಾಕಾ ದಂಡ. ಮಾರುವವರಿಗೆ 6 ತಿಂಗಳ ಜೈಲು ಅಥವಾ 10 ಸಾವಿರ ಟಾಕಾ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಅಂಗಡಿಗಳಲ್ಲಿ ಕಾಗದದ ಪೊಟ್ಟಣ, ಬಟ್ಟೆ ಚೀಲ, ಬಲೆ ಚೀಲ ಕಾಣಿಸಿಕೊಂಡವು. ಜಗತ್ತಿನ ಪತ್ರಿಕೆಗಳು ಬಡ ದೇಶವೊಂದು ದಾರಿ ತೋರಿಸಿತು ಅಂತ ಬರೆದವು.

ಅದೇ ವರ್ಷ ಜೂನ್ 30ರಂದು ಇನ್ನೊಂದು ಸಂಗತಿ ನಡೆಯಿತು. ನಾರಾಯಣಗಂಜ್‌ನ ಆದಮ್‌ಜೀ ಸೆಣಬಿನ ಗಿರಣಿಯನ್ನು ಸರ್ಕಾರ ಮುಚ್ಚಿತು. ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಸೆಣಬಿನ ಗಿರಣಿ ಅದು. ವರ್ಷವರ್ಷ ನಷ್ಟ, ಇನ್ನು ನಡೆಸಲಾಗದು ಅನ್ನುವುದು ಕೊಟ್ಟ ಕಾರಣ. ನಷ್ಟ ಇದ್ದದ್ದು ನಿಜ. ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್‌ನಲ್ಲಿ ‘ಇನ್ನು ಪಾಲಿಥೀನ್ ಬೇಡ, ಸೆಣಬಿಗೆ ಬನ್ನಿ’ ಅಂತ ಹೇಳಿದ ಸರ್ಕಾರ, ನಾಲ್ಕು ತಿಂಗಳು ತುಂಬುವ ಮೊದಲೇ ಸೆಣಬಿನ ದೊಡ್ಡ ಗಿರಣಿಗೆ ಬೀಗ ಹಾಕಿತು. ಸಾವಿರಾರು ಕೆಲಸಗಾರರು ಬೀದಿಗೆ ಬಂದರು. 2020ರಲ್ಲಿ ಉಳಿದಿದ್ದ ಸರ್ಕಾರಿ ಸೆಣಬಿನ ಗಿರಣಿಗಳನ್ನೂ ಮುಚ್ಚಿದರು. ಗಿರಣಿ ಇಲಾಖೆಯವರು ತಮ್ಮ ನಷ್ಟ ನೋಡಿದರು, ಪರಿಸರ ಇಲಾಖೆಯವರು ತಮ್ಮ ಕಾನೂನು ನೋಡಿದರು. ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ಹೋದ ಹಾಗೆ ಕಾಣುವುದಿಲ್ಲ.

ಈಗ ಢಾಕಾದ ಕಾರ್ವಾನ್ ಬಜಾರಿನಂಥ ಮಾರುಕಟ್ಟೆಯ ಮೀನು ಮಾರುವವನ ಕಡೆಯಿಂದ ಯೋಚಿಸಿ. ಅಲ್ಲಿ ದಿನದ ಊಟಕ್ಕೆ ಮೀನು ಬೇಕೇ ಬೇಕು. ನೀರು ಸೋರುವ ಮೀನನ್ನು ಕಾಗದದಲ್ಲಿ ಕಟ್ಟಿದರೆ ಮನೆ ಮುಟ್ಟುವುದರೊಳಗೆ ಹರಿಯುತ್ತದೆ. ಸೆಣಬಿನ ಚೀಲಕ್ಕೆ ಹಾಕಿದರೆ ಚೀಲ ನಾಳೆ ಮತ್ತೊಂದಕ್ಕೆ ಬರುವುದಿಲ್ಲ. ಸೆಣಬಿನ ಚೀಲದ ಬೆಲೆಯೋ ಪಾಲಿಥೀನಿನ ಎಷ್ಟೋ ಪಟ್ಟು. ಕಾಲು ಕೆಜಿ ಮೀನು ಕೊಳ್ಳಲು ಬಂದ ಕೂಲಿಯವನಿಗೆ ‘ಚೀಲ ತಂದಿಲ್ಲವಾ, ಹೋಗು’ ಅಂದರೆ ಆತ ಪಕ್ಕದ ಬುಟ್ಟಿಗೆ ಹೋಗುತ್ತಾನೆ. ಪಕ್ಕದವನು ಕದ್ದುಮುಚ್ಚಿ ಕವರ್ ಇಟ್ಟುಕೊಂಡಿರುತ್ತಾನೆ. ಹೀಗೆ ಒಬ್ಬ ಇಟ್ಟರೆ ಎಲ್ಲರೂ ಇಡಲೇಬೇಕು. ಕಾನೂನು ಈ ಮೀನಿನವನಿಗೆ ‘ಬೇಡ’ ಅಂತ ಹೇಳಿತ್ತು. ‘ಹಾಗಾದರೆ ಯಾವುದರಲ್ಲಿ ಕೊಡಲಿ’ ಅನ್ನುವುದಕ್ಕೆ ಉತ್ತರ ಕೊಟ್ಟಿರಲಿಲ್ಲ.

ಇನ್ನು ತಯಾರಿಕೆ. ಹಳೆ ಢಾಕಾದ ಲಾಲ್‌ಬಾಗ್ (ನಮ್ಮ ಬೆಂಗಳೂರಿನದ್ದಲ್ಲ, ಅಲ್ಲೂ ಒಂದಿದೆ), ಚೌಕ್‌ಬಜಾರ್ ಸುತ್ತಿನ ಗಲ್ಲಿಗಳಲ್ಲಿ ಪ್ಲಾಸ್ಟಿಕ್ ಮಾಡುವ ಸಣ್ಣ ಕಾರ್ಖಾನೆಗಳು ತುಂಬಿವೆ. ರಫ್ತು ಮಾಲಿಗೆ, ಕೆಲವು ಬಗೆಯ ಪ್ಯಾಕಿಂಗ್‌ಗೆ ಪಾಲಿಥೀನ್ ಮಾಡಲು ಕಾನೂನಿನಲ್ಲೇ ರಿಯಾಯಿತಿ ಇತ್ತು. ಗಾರ್ಮೆಂಟ್ಸ್ ರಫ್ತೇ ಆ ದೇಶದ ದೊಡ್ಡ ಆದಾಯ, ಅಂಗಿಗೆ ಕವರ್ ಬೇಕಲ್ಲ. ಹಗಲು ಪ್ಯಾಕಿಂಗ್ ಕವರ್ ಮಾಡುವ ಯಂತ್ರ ರಾತ್ರಿ ಕೈಚೀಲ ಮಾಡಬಲ್ಲದು. ಯಂತ್ರಕ್ಕೆ ಯಾವ ಕಾಯ್ದೆಯೂ ಗೊತ್ತಿಲ್ಲ. ಅಧಿಕಾರಿಗಳು ಆಗಾಗ ದಾಳಿ ಮಾಡಿದರು, ಟನ್‌ಗಟ್ಟಲೆ ಹಿಡಿದರು, ಫೋಟೋ ಬಂತು. ಮುಂದಿನ ವಾರ ಮಾರುಕಟ್ಟೆಯಲ್ಲಿ ಕವರ್ ಮತ್ತೆ ಸಿಗುತ್ತಿತ್ತು.

ಆದಮ್‌ಜೀ ಮುಚ್ಚಿದ ಎಷ್ಟೋ ವರ್ಷದ ಮೇಲೆ ಮುಬಾರಕ್ ಅಹ್ಮದ್ ಖಾನ್ ಎಂಬ ಬಾಂಗ್ಲಾ ವಿಜ್ಞಾನಿ ಸೆಣಬಿನ ನಾರಿನಿಂದಲೇ ಪಾಲಿಥೀನಿನಂತೆ ತೆಳುವಾದ, ಮಣ್ಣಲ್ಲಿ ಕರಗುವ ಚೀಲ ಮಾಡಿ ತೋರಿಸಿದರು. ಅದಕ್ಕೆ ‘ಸೋನಾಲಿ ಬ್ಯಾಗ್’ ಅಂತ ಹೆಸರು. ಮೀನಿನವನ ಪ್ರಶ್ನೆಗೆ ನಿಜವಾದ ಉತ್ತರ ಅದೇ ಇರಬಹುದಿತ್ತು. ಆದರೆ ಪ್ರಯೋಗದ ಹಂತ ದಾಟಿ ಸಂತೆಯ ಅಂಗಡಿಗೆ ಬರುವಷ್ಟು ಪ್ರಮಾಣದಲ್ಲಿ ತಯಾರಾಗಲಿಲ್ಲ. 2024ರಲ್ಲಿ ಸರ್ಕಾರ ಬದಲಾದ ಮೇಲೆ ಮಧ್ಯಂತರ ಸರ್ಕಾರ ಅಕ್ಟೋಬರ್ 1ರಿಂದ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ, ನವೆಂಬರ್ 1ರಿಂದ ತರಕಾರಿ ಮಾರುಕಟ್ಟೆಗಳಲ್ಲಿ ಪಾಲಿಥೀನ್ ನಿಲ್ಲಿಸಲು ಮತ್ತೆ ಹೊರಟಿತು. 22 ವರ್ಷ ಹಿಂದೆಯೇ ನಿಷೇಧವಾಗಿದ್ದ ವಸ್ತುವನ್ನು ಹೊಸದಾಗಿ ನಿಷೇಧಿಸಬೇಕಾಯಿತು.

ಈಗ ಐರ್ಲೆಂಡಿಗೆ ಬನ್ನಿ. ನಮ್ಮ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕ ದೇಶ. ಹಸಿರು ಹುಲ್ಲುಗಾವಲು, ದನ, ಕುರಿ, ಆಲೂಗೆಡ್ಡೆ. ಅಲ್ಲಿ ವರ್ಷಕ್ಕೆ 120 ಕೋಟಿಯಷ್ಟು ಕವರ್ ಖರ್ಚಾಗುತ್ತಿತ್ತು ಅನ್ನುವುದು ಆಗಿನ ಅಂದಾಜು. ತಲೆಗೆ 328. ಗಾಳಿಗೆ ಹಾರಿ ಬೇಲಿಗೆ, ಮರಕ್ಕೆ ಸಿಕ್ಕಿಕೊಂಡಿರುತ್ತಿದ್ದವು.

ಅಲ್ಲಿನ ಪರಿಸರ ಸಚಿವ ನೋಯೆಲ್ ಡೆಂಪ್ಸಿ ಮತ್ತು ಅವರ ಅಧಿಕಾರಿಗಳು ಮಾಡಿದ ಕೆಲಸದಲ್ಲಿ ನನಗೆ ಇಷ್ಟವಾದದ್ದು ಅವರ ಲೆಕ್ಕಾಚಾರ. ಮೊದಲು ಒಂದು ಸಮೀಕ್ಷೆ ಮಾಡಿಸಿದರು: ಒಂದು ಕವರಿಗೆ ಎಷ್ಟು ಕೊಡಲು ತಯಾರಿದ್ದೀರಿ? ಸರಾಸರಿ ಎರಡೂವರೆ ಸೆಂಟ್‌ಗೂ ಸ್ವಲ್ಪ ಕಡಿಮೆ ಬಂತು. ಹಣ ಸಂಗ್ರಹವೇ ಗುರಿಯಾಗಿದ್ದರೆ ಎರಡು ಸೆಂಟ್ ಇಟ್ಟು ಸುಮ್ಮನಾಗುತ್ತಿದ್ದರು. ಅವರು ಅದರ ಆರು ಪಟ್ಟು ಇಟ್ಟರು. ಜನ ಕೊಡಬಾರದು ಅನ್ನುವುದೇ ಆ ತೆರಿಗೆಯ ಉದ್ದೇಶ.

ಇನ್ನೊಂದು ಷರತ್ತು ಮುಖ್ಯ. ಅಂಗಡಿಯವನು ಈ 15 ಸೆಂಟನ್ನು ತಾನೇ ಭರಿಸಿ ‘ಕವರ್ ಫ್ರೀ’ ಅನ್ನುವ ಹಾಗಿಲ್ಲ. ಗಿರಾಕಿಯಿಂದಲೇ ವಸೂಲಿ ಮಾಡಿ, ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಅಂದರೆ ಪ್ರತಿ ಸಲ ಗಲ್ಲಾದ ಮುಂದೆ ಒಂದು ಪ್ರಶ್ನೆ ಬರುತ್ತದೆ: ಕವರ್ ಬೇಕಾ? ಅಲ್ಲಿಯವರೆಗೆ ಕೇಳದೆಯೇ ಕೈಗೆ ಬರುತ್ತಿದ್ದ ವಸ್ತುವನ್ನು ಈಗ ಹಿಂದೆ ನಿಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳಬೇಕು, ಕಾಸೂ ಕೊಡಬೇಕು. ಬಂದ ಹಣ ಪರಿಸರ ನಿಧಿಗೆ ಹೋಗುತ್ತದೆ ಅಂತಲೂ ಜನರಿಗೆ ಗೊತ್ತಿತ್ತು.

ಅಂಗಡಿಯವರು ಮೊದಲು ಗೊಣಗಿದರು. ಕಳ್ಳತನ ಹೆಚ್ಚುತ್ತದೆ, ಗಿರಾಕಿ ಬೈಯುತ್ತಾರೆ ಅಂತ. ಆಮೇಲೆ ನೋಡಿದರೆ ಅವರಿಗೇ ಉಳಿತಾಯ. ಮೊದಲು ಕೋಟಿಗಟ್ಟಲೆ ಕವರ್ ಕೊಂಡು ಪುಕ್ಕಟೆ ಹಂಚುತ್ತಿದ್ದವರು ಈಗ ಕೊಳ್ಳುವುದೇ ಬೇಡ. ತೆರಿಗೆ ಕಟ್ಟಲು ಹೊಸ ಕಚೇರಿಯೂ ಇಲ್ಲ, ಮಾರಾಟ ತೆರಿಗೆ ಕಟ್ಟುವ ಜಾಗದಲ್ಲೇ ಇದನ್ನೂ ಕಟ್ಟಿದರಾಯಿತು. ಅಲ್ಲಿ ಬಳಕೆಯಾಗುತ್ತಿದ್ದ ಕವರುಗಳಲ್ಲಿ ಬಹುಪಾಲು ಹೊರದೇಶದಿಂದ ಬರುತ್ತಿದ್ದವು. ಹಾಗಾಗಿ ಕೆಲಸ ಹೋಯಿತು ಅಂತ ಕೂಗುವ ಕಾರ್ಖಾನೆಗಳೂ ಹೆಚ್ಚಿರಲಿಲ್ಲ. ಇದು ಅದೃಷ್ಟ, ಜಾಣತನವಲ್ಲ. ಅದನ್ನೂ ಹೇಳಬೇಕು.

ತಲೆಗೆ 328 ಇದ್ದದ್ದು 21ಕ್ಕೆ ಇಳಿಯಿತು. ಬೀದಿ ಕಸದಲ್ಲಿ ನೂರಕ್ಕೆ 5ರಷ್ಟಿದ್ದ ಕವರುಗಳ ಪಾಲು ಅರ್ಧಕ್ಕೂ ಕೆಳಗೆ, ಅಂದರೆ ನೂರಕ್ಕೆ ಅರ್ಧವೂ ಇಲ್ಲದಷ್ಟಕ್ಕೆ ಬಂತು. ಕೆಲವು ವರ್ಷದಲ್ಲಿ ಜನ 15 ಸೆಂಟಿಗೆ ಒಗ್ಗಿಕೊಂಡರು, ತಲೆಗೆ 30ರ ಮೇಲೆ ಹೋಯಿತು. ಕೂಡಲೇ 2007ರ ಜುಲೈನಲ್ಲಿ ತೆರಿಗೆಯನ್ನು 22 ಸೆಂಟಿಗೆ ಏರಿಸಿದರು. ಎಲ್ಲ ಸರಿಹೋಯಿತು ಅಂತಲ್ಲ. ಪುಕ್ಕಟೆ ಕವರಿನಲ್ಲಿ ಕಸ ಕಟ್ಟಿ ಇಡುತ್ತಿದ್ದವರು ಕಸದ ಬುಟ್ಟಿಯ ಚೀಲವನ್ನು ದುಡ್ಡು ಕೊಟ್ಟು ಕೊಳ್ಳತೊಡಗಿದರು.

ಮತ್ತೆ ಆ ಮೀನು. ಐರ್ಲೆಂಡಿನ ನಿಯಮದಲ್ಲಿ ಹಸಿ ಮೀನು, ಮಾಂಸ, ಬಿಡಿ ತರಕಾರಿ ಹಾಕುವ ಸಣ್ಣ ಚೀಲಕ್ಕೆ ತೆರಿಗೆ ಇಲ್ಲ. ಬೇಕಾದ ಕಡೆ ಬಿಟ್ಟರು, ಬೇಡದ ಕಡೆ ಬಿಗಿದರು. ಢಾಕಾದಲ್ಲಿ ಎಲ್ಲ ಕಡೆ ಬಿಗಿದರು, ಕೊನೆಗೆ ಎಲ್ಲ ಕಡೆ ಸಡಿಲವಾಯಿತು.

ಹಾಗಂತ ಬೆಲೆ ಇಟ್ಟುಬಿಟ್ಟರೆ ಎಲ್ಲ ಕಡೆ ಕೆಲಸ ಆಗುತ್ತದೆಯೇ? ದಕ್ಷಿಣ ಆಫ್ರಿಕಾ ನೋಡಿ. ಅಲ್ಲಿನ ಪರಿಸರ ಸಚಿವ ವಲ್ಲಿ ಮೂಸಾ, ಬೇಲಿಗಳಲ್ಲಿ ನೇತಾಡುವ ಕವರನ್ನು ದೇಶದ ‘ರಾಷ್ಟ್ರೀಯ ಹೂವು’ ಅಂತ ಗೇಲಿ ಮಾಡಿದ್ದರು. ಮೊದಲು 80 ಮೈಕ್ರಾನ್‌ಗಿಂತ ತೆಳು ಕವರ್ ಬೇಡ ಅಂತ ಹೊರಟರು. ಕಾರ್ಖಾನೆಯವರೂ ಕಾರ್ಮಿಕ ಸಂಘದವರೂ ಕೆಲಸ ಹೋಗುತ್ತದೆ ಅಂತ ಹಿಡಿದು ಕೂತರು. ಚೌಕಾಸಿಯಾಗಿ 30 ಮೈಕ್ರಾನ್‌ಗೆ ಇಳಿಯಿತು. 2003ರ ಮೇ 9ರಂದು ಜಾರಿಯಾದಾಗ ದೊಡ್ಡ ಅಂಗಡಿಗಳು ಕವರಿಗೆ 46 ಸೆಂಟ್ ಹಿಡಿದವು. ಬಳಕೆ ದಿಢೀರ್ ಕುಸಿಯಿತು. ಆದರೆ ಇಲ್ಲಿ ಲೆವಿ ಕಟ್ಟುವವನು ತಯಾರಕ. ಗಿರಾಕಿಗೆ ಎಷ್ಟು ಹಿಡಿಯಬೇಕು ಅನ್ನುವುದು ಅಂಗಡಿಯ ಇಷ್ಟ. ಪೈಪೋಟಿಯಲ್ಲಿ ಅಂಗಡಿಗಳು ಒಂದೊಂದಾಗಿ ಬೆಲೆ ಇಳಿಸಿದವು. ನೂರಾರು ರ‍್ಯಾಂಡ್ ಬಿಲ್ಲಿನಲ್ಲಿ ಆ ಸೆಂಟುಗಳು ಯಾರ ಕಣ್ಣಿಗೂ ಬೀಳದಾದವು, ಬಳಕೆ ಮತ್ತೆ ಏರಿತು. ಬಂದ ಹಣದಿಂದ ಮರುಬಳಕೆಗೆ ಅಂತ ಒಂದು ಸಂಸ್ಥೆ ಕಟ್ಟಿದ್ದರು, ಅದೂ ಕೆಲವು ವರ್ಷದಲ್ಲಿ ಬಾಗಿಲು ಹಾಕಿತು.

ಇನ್ನು ಆಫ್ರಿಕಾದ ಪೂರ್ವಕ್ಕೆ ಹೋದರೆ ರುವಾಂಡಾ ಮತ್ತು ಕೀನ್ಯಾ. ‘ಅಲ್ಲಿ ನೋಡಿ, ಕಠಿಣ ಶಿಕ್ಷೆ ಇದ್ದರೆ ಆಗುತ್ತೆ’ ಅಂತ ವಾಟ್ಸಾಪ್‌ನಲ್ಲಿ ತಿರುಗುವ ದೇಶಗಳು ಇವೇ. ರುವಾಂಡಾ 2008ರಲ್ಲಿ ಕಾನೂನು ತಂದಿತು. ಕಿಗಾಲಿ ವಿಮಾನ ನಿಲ್ದಾಣದಲ್ಲಿ ಇಳಿದವರ ಕೈಯಿಂದಲೂ ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳುತ್ತಾರೆ. ತಿಂಗಳ ಕೊನೆಯ ಶನಿವಾರ ‘ಉಮುಗಾಂಡಾ’ ಅಂತ ಊರಿಗೆ ಊರೇ ಸೇರಿ ರಸ್ತೆ, ಚರಂಡಿ ಸ್ವಚ್ಛ ಮಾಡುವುದು ಕಡ್ಡಾಯ. ರಸ್ತೆಗಳು ನಿಜವಾಗಿಯೂ ಸ್ವಚ್ಛ. ಆದರೆ ಪಕ್ಕದ ಕಾಂಗೋದಲ್ಲಿ ಕವರ್ ಸಲೀಸಾಗಿ ಸಿಗುತ್ತದೆ. ಗಡಿಯಲ್ಲಿ ಬಟ್ಟೆಯೊಳಗೆ ಕವರ್ ಕಟ್ಟಿಕೊಂಡು ಬರುವ ಬಡ ಹೆಂಗಸರು ಸಿಕ್ಕಿಬೀಳುತ್ತಾರೆ. ನಾವು ಚಿನ್ನ ಕಳ್ಳಸಾಗಣೆ ಕೇಳಿದ್ದೇವೆ. ಅಲ್ಲಿ ಕವರೇ ಚಿನ್ನ. ಎದುರು ಮಾತಾಡುವುದು ಸುಲಭವಲ್ಲದ ಆಡಳಿತ ಅದು. ಅದೇ ಮಾದರಿ ಬೇಕು ಅನ್ನುವವರು ಅದರ ಜೊತೆಗೆ ಬರುವುದನ್ನೂ ಕೇಳುತ್ತಿದ್ದೇವೆ ಅಂತ ತಿಳಿದಿರಬೇಕು.

ಕೀನ್ಯಾದ್ದು ಇನ್ನೂ ಕುತೂಹಲದ ಕಥೆ. ಹತ್ತು ವರ್ಷದಲ್ಲಿ ಎರಡು ಸಲ ತೆಳು ಕವರ್ ನಿಲ್ಲಿಸಲು ಹೋಗಿ ಕೈಚೆಲ್ಲಿದ್ದ ದೇಶ. ನೈರೋಬಿಯ ಕಸಾಯಿಖಾನೆಗಳಲ್ಲಿ ದನದ ಹೊಟ್ಟೆ ಕೊಯ್ದರೆ ಕವರಿನ ಉಂಡೆ ಬರುತ್ತಿತ್ತು. ಇದನ್ನು ನಾನು ವಿವರಿಸಬೇಕಿಲ್ಲ, ನಮ್ಮ ಪಶು ವೈದ್ಯರನ್ನು ಕೇಳಿದರೆ ಸಾಕು. ಕಿಬೇರಾ ಕೊಳೆಗೇರಿಯಲ್ಲಿ ಶೌಚಾಲಯವಿಲ್ಲದ ಜನ ರಾತ್ರಿ ಕವರಿನಲ್ಲೇ ಮುಗಿಸಿ ಎಸೆಯುತ್ತಿದ್ದರು. ಅದಕ್ಕೆ ‘ಹಾರುವ ಶೌಚಾಲಯ’ ಅಂತ ಹೆಸರೇ ಬಿದ್ದಿತ್ತು. 2017ರ ಆಗಸ್ಟ್ 28ರಂದು ನಿಷೇಧ ಜಾರಿಯಾಯಿತು. ದಂಡ 20ರಿಂದ 40 ಲಕ್ಷ ಶಿಲ್ಲಿಂಗ್, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಇಲ್ಲವೇ ನಾಲ್ಕು ವರ್ಷದವರೆಗೆ ಜೈಲು.

ಸುದ್ದಿಯಾದದ್ದು ಈ ದಂಡ. ಆದರೆ ಮೂರನೇ ಸಲ ಕೆಲಸ ಆದದ್ದು ದಂಡದಿಂದ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಈ ಸಲ ತಯಾರಿಕೆಗೇ ಬೀಗ ಬಿತ್ತು. ಕಾರ್ಖಾನೆಯವರು ಕೋರ್ಟಿಗೆ ಹೋದರು, ಕೋರ್ಟು ನಿಷೇಧವನ್ನು ತಡೆಯಲಿಲ್ಲ. ಆರು ತಿಂಗಳ ಗಡುವು ಕೊಟ್ಟಿದ್ದರು. ಬ್ರೆಡ್ಡಿನಂಥ ಪದಾರ್ಥದ ಕಾರ್ಖಾನೆ ಪ್ಯಾಕಿಂಗನ್ನು ಬಿಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಚೀಲ ಇತ್ತು. ಆ ಚೀಲದ್ದೇ ಒಂದು ತಮಾಷೆ. ಬಟ್ಟೆಯಂತೆ ಕಾಣುವ ಅದು ಪಾಲಿಪ್ರೊಪಿಲೀನ್, ಅಂದರೆ ಇನ್ನೊಂದು ಪ್ಲಾಸ್ಟಿಕ್. ಕಳಪೆ ಮಾಲು ತುಂಬಿಕೊಂಡಾಗ ಎರಡು ವರ್ಷದಲ್ಲಿ ಅದನ್ನೂ ನಿಲ್ಲಿಸಲು ಸರ್ಕಾರ ಹೊರಟಿತು, ಅದೂ ಕೋರ್ಟಿಗೆ ಹೋಯಿತು. ನಮ್ಮ ಬಟ್ಟೆ ಅಂಗಡಿ, ಸ್ವೀಟ್ ಅಂಗಡಿಗಳಲ್ಲಿ ‘ಬಟ್ಟೆ ಚೀಲ’ ಅಂತ ಕೊಡುವುದೂ ಹೆಚ್ಚಾಗಿ ಇದೇ. ಬೆಂಕಿ ಕಡ್ಡಿ ತಾಗಿಸಿ ನೋಡಿ, ಹತ್ತಿಯ ಹಾಗೆ ಬೂದಿಯಾಗುವುದಿಲ್ಲ, ಕರಗಿ ಉಂಡೆ ಕಟ್ಟುತ್ತದೆ.

ಶ್ರೀಮಂತ ನಾಡುಗಳೂ ಇದೇ ಹಳ್ಳಕ್ಕೆ ಬಿದ್ದಿವೆ. ಅಮೆರಿಕದ ಕ್ಯಾಲಿಫೋರ್ನಿಯಾ 2014ರಲ್ಲಿ ತೆಳು ಕವರ್ ನಿಷೇಧಿಸಿ, ದಪ್ಪ ಕವರನ್ನು ‘ಮತ್ತೆ ಬಳಸುವ ಚೀಲ’ ಅಂತ ಬಿಟ್ಟಿತು. ಜನ ಅದನ್ನೂ ಒಂದೇ ಸಲ ಬಳಸಿ ಎಸೆದರು. ಆ ಕಂಡಿ ಮುಚ್ಚಲು 2024ರಲ್ಲಿ ಮತ್ತೊಂದು ಕಾನೂನು ಬೇಕಾಯಿತು.

ದಪ್ಪದ ಮೇಲೆ ಕಾನೂನು ಕಟ್ಟುವ ಈ ಚಟ ನಮ್ಮಲ್ಲೂ ಇದೆ. 1999ರಲ್ಲಿ ಭಾರತ ಸರ್ಕಾರ 20 ಮೈಕ್ರಾನ್‌ಗಿಂತ ತೆಳು ಕವರ್ ಬೇಡ ಅಂದಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಕೊನೆಯಿಂದ 120. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸಂತೆಯಲ್ಲಿ ಸೊಪ್ಪು ಮಾರುವವರು 50ಕ್ಕೂ 75ಕ್ಕೂ ಇರುವ ವ್ಯತ್ಯಾಸವನ್ನು ಬೆರಳಲ್ಲಿ ತಿಕ್ಕಿ ಕಂಡುಹಿಡಿಯಬೇಕೇ? ಅಳೆಯುವ ಉಪಕರಣ ದಾಳಿಗೆ ಬರುವವರ ಕೈಯಲ್ಲೂ ಇರುವುದು ಅಪರೂಪ. ಕರ್ನಾಟಕ 2016ರ ಮಾರ್ಚ್ 11ರಂದು ದಪ್ಪದ ಜಗಳವನ್ನೇ ಬಿಟ್ಟು, ಎಲ್ಲ ಬಗೆಯ ಕ್ಯಾರಿ ಬ್ಯಾಗ್, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಹಾಲಿನ ಪ್ಯಾಕೆಟ್, ನರ್ಸರಿ ಚೀಲ, ರಫ್ತಿಗೆ ತಯಾರಿಸುವ ಮಾಲು ಬಿಟ್ಟು. ಓದುತ್ತಿದ್ದರೆ ಢಾಕಾದ ಕಾನೂನೇ ನೆನಪಾಗುತ್ತದೆ. ಅಂದಿನಿಂದ ಇಂದಿನವರೆಗೆ ದಾಳಿಯ ಸುದ್ದಿಗಳಲ್ಲಿ ದಂಡ ಕಟ್ಟಿದವರು ಯಾರು ಅಂತ ಗಮನಿಸಿ. ತಳ್ಳುಗಾಡಿಯವರು, ಹೂವು ಮಾರುವವರು, ಸಣ್ಣ ಹೋಟೆಲಿನವರು. ಕವರ್ ತಯಾರಾದ ಜಾಗದ ಹೆಸರು ಅಪರೂಪಕ್ಕೆ ಬರುತ್ತದೆ.

ಐರ್ಲೆಂಡಿನ ದಾರಿ ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. 2011ರ ಕೇಂದ್ರ ನಿಯಮದಲ್ಲಿ ಕವರನ್ನು ಪುಕ್ಕಟೆ ಕೊಡಬಾರದು ಅನ್ನುವ ಸಾಲು ಇತ್ತು. 2016ರ ನಿಯಮ ಇನ್ನೂ ಮುಂದೆ ಹೋಗಿ, ಕವರ್ ಕೊಡುವ ಅಂಗಡಿ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿ ತಿಂಗಳಿಗೆ ಕನಿಷ್ಠ 4,000 ರೂಪಾಯಿಯಂತೆ ವರ್ಷಕ್ಕೆ 48,000 ಕಟ್ಟಬೇಕು ಅಂದಿತು. ಸೊಪ್ಪಿನ ಅಜ್ಜಿಗೂ ಬಜಾರಿನ ದೊಡ್ಡ ಅಂಗಡಿಗೂ ಒಂದೇ ಕನಿಷ್ಠ ಮೊತ್ತ. ಗಿರಾಕಿಯ ಮುಂದೆ ಆ ಪ್ರಶ್ನೆ ಕೇಳಿಸುವ ಬದಲು, ವ್ಯಾಪಾರಿಯ ಜೇಬಿಗೆ ಕೈ ಹಾಕುವ ನಿಯಮ. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಬೆಲೆ ಇಡುವ ಮಾತೂ ಅದರ ಜೊತೆ ಹೋಯಿತು.

ಅದೇ 2016ರ ನಿಯಮದಲ್ಲಿ ನಮಗೆ ಸಂಬಂಧಿಸಿದ ಇನ್ನೊಂದು ಬದಲಾವಣೆ ಇದೆ, ಅದು ಇನ್ನೂ ಉಳಿದಿದೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ಕಸದ ಕಾನೂನು ಪಟ್ಟಣಗಳಿಗೆ ಮಾತ್ರ ಇತ್ತು. 2016ರಲ್ಲಿ ಹಳ್ಳಿಗಳನ್ನೂ ಸೇರಿಸಿ, ಊರಿನ ಮಟ್ಟದ ಜಾರಿಯ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟರು. ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಎರಡು ಪ್ರಶ್ನೆ ಕೇಳಬಹುದು: ಈ ವರ್ಷ ಕವರಿನ ಲೆಕ್ಕದಲ್ಲಿ ಎಷ್ಟು ದಂಡ ಬಂದಿದೆ, ಯಾರಿಂದ? ಸಂತೆಯ ದಿನ ಕವರ್ ಬದಲಿಗೆ ಕೊಡಲು ಏನು ಇಟ್ಟಿದ್ದೀರಿ?